ತೊಣ್ಣೂರು ಕೆರೆಗೆ ಟೆಂಟು, ಟ್ಯೂಬು ಹೊತ್ತು ಬರುವವರಿಗೆ

ಕೆರೆಗಳಲ್ಲಿ ಎರಡು ಜಾತಿ: ತಟ್ಟೆಯಂಥವು, ಚೊಂಬಿನಂಥವು. ನಮ್ಮ ಬಯಲುಸೀಮೆಯ ಕೆರೆಗಳು ಬಹುಪಾಲು ತಟ್ಟೆ. ಮೈಲುದ್ದದ ಏರಿ, ಅಂಚಿನಲ್ಲಿ ಮೊಣಕಾಲುದ್ದ ನೀರು, ಆ ನೀರಿನಲ್ಲಿ ಯಾರಿಗೂ ಸೇರದ ಮುಖ ಮಾಡಿಕೊಂಡು ಕೂತ ನಾಲ್ಕು ಎಮ್ಮೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆ ಮಾತ್ರ ಅಪ್ಪಟ ಚೊಂಬು. ಶನಿವಾರ ಕೋಳಿ ಕೂಗುವ ಮುಂಚೆ ಬೆಂಗಳೂರು ಬಿಟ್ಟು, ವಾಕಿಂಗ್ ಶೂ, ಲಾರಿ ಟ್ಯೂಬು, ಆನ್‌ಲೈನಲ್ಲಿ ತರಿಸಿದ ಟೆಂಟು ಸಮೇತ ಇಲ್ಲಿಗೆ ಬರುವವರಿಗೆ ಆಗುವ ಸಕಲ ಫಜೀತಿಗಳೂ ಇದನ್ನು ತಟ್ಟೆ ಅಂದುಕೊಂಡದ್ದರಿಂದಲೇ ಆಗುವಂಥವು.

1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಊರವರನ್ನು ಕೇಳಿ ಏರಿಯ ಅಳತೆ ಬರೆದುಕೊಂಡ. ಎತ್ತರ 78 ಮೊಳ, ಉದ್ದ 150 ಮೊಳ, ಬುಡದಲ್ಲಿ ದಪ್ಪ 250 ಮೊಳ. ಅಂದರೆ ಉದ್ದಕ್ಕಿಂತ ದಪ್ಪವೇ ಹೆಚ್ಚು! ಮದುವೆ ಮನೆಯಲ್ಲಿ ಇಂಥ ಅಳತೆಯವರನ್ನು ಕಂಡರೆ ನಾವು ಬಾಯಿ ಮುಚ್ಚಿಕೊಂಡು ನಗುತ್ತೇವೆ. ಕೆರೆ ಕಟ್ಟುವುದರಲ್ಲಿ ಇದು ಜಾಣತನ. ಎರಡು ಬೆಟ್ಟದ ತೊರೆಗಳು ಒಂದಾಗಿ, ಎರಡು ಬಂಡೆಗುಡ್ಡಗಳ ನಡುವಿನ ಕಂಡಿಯಲ್ಲಿ ನುಗ್ಗಿ ಹೋಗುತ್ತಿದ್ದವು. ಆ ಕಂಡಿಗೆ ಬಿರಡೆ ಜಡಿದರೆ ಸಾಕು, ಉಳಿದ ಗೋಡೆಯನ್ನೆಲ್ಲ ಗುಡ್ಡಗಳೇ ಕಟ್ಟಿಕೊಟ್ಟಿವೆ. ಜಡಿಸಿದವರು ರಾಮಾನುಜಾಚಾರ್ಯರು ಎಂಬುದು ಸ್ಥಳದ ನಂಬಿಕೆ. ಕಾಲ ಹೊಯ್ಸಳ ವಿಷ್ಣುವರ್ಧನನದು. ತುಂಬಿದರೆ ಎರಡು ವರ್ಷದ ಬೆಳೆಗೆ ನೀರು ಸಾಕಾಗುತ್ತದೆ ಎಂದೂ ಬುಕಾನನ್‌ಗೆ ಹೇಳಿದ್ದರು. ಮೊಳಕ್ಕೆ ಒಂದೂವರೆ ಅಡಿ ಹಿಡಿಯಿರಿ: ಎತ್ತರ 117 ಅಡಿ, ಉದ್ದ 225 ಅಡಿ. ಊರವರ ಲೆಕ್ಕದಲ್ಲಿ ಸ್ವಲ್ಪ ಅಭಿಮಾನ ಸೇರಿದೆ ಎಂದು ಕಾಲು ಭಾಗ ಕಳೆದರೂ, ಬೆಂಗಳೂರಿನ ಈಜುಕೊಳದ ಐದಡಿ ಆಳಕ್ಕೆ ಒಗ್ಗಿದವರು ಒಮ್ಮೆ ಎಂಜಲು ನುಂಗುವಷ್ಟು ಉಳಿಯುತ್ತದೆ.

ಮೊದಲು ಅಲ್ಲಿಗೆ ತಲುಪಬೇಕಲ್ಲ. ರೈಲಿನವರ ಫಜೀತಿ ಒಂದೇ: ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದು ಪಾಂಡವಪುರ ಎಲ್ಲಿ ಎಂದು ಹುಡುಕುವುದು. ಸ್ಟೇಷನ್ನು ಒಂದು ಕಡೆ, ಊರು ಕೆಲವು ಕಿಲೋಮೀಟರ್ ಆಚೆ, ಕೆರೆ ಅದಕ್ಕೂ ಆಚೆ. ಆಟೋ ಬಾಡಿಗೆಯನ್ನು ಇಳಿದಲ್ಲೇ ಕೆರೆಯವರೆಗೆ, ಹೋಗಿ ಬರುವುದಕ್ಕೆ ಸೇರಿಸಿ ಮಾತಾಡಿಕೊಳ್ಳಿ. ಸಂಜೆ ಏರಿಯ ಮೇಲೆ ನಿಂತು ಫೋನಿನಲ್ಲಿ ಕ್ಯಾಬ್ ಕರೆದರೆ ಪರದೆಯ ಮೇಲೆ ಚಕ್ರ ತಿರುಗುತ್ತದೆ, ಕಾರಿನ ಚಕ್ರವಲ್ಲ. ಕಾರಿನವರು ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬಿಟ್ಟು ಪಾಂಡವಪುರದ ಮೇಲೆ ಬರುತ್ತಾರೆ. ಈ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಅವರ ಫ್ರೆಂಚ್ ಸೈನಿಕರು ಅಲ್ಲಿ ಡೇರೆ ಹಾಕಿಕೊಂಡಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದರು. ಆದ್ದರಿಂದ ಈ ಸೀಮೆಗೆ ಕ್ಯಾಂಪಿಂಗ್ ತಂದವರು ತಾವೇ ಎಂಬ ಭಾವನೆ ಇಟ್ಟುಕೊಳ್ಳುವುದು ಬೇಡ.

ಕಬ್ಬು ಕಡಿಯುವ ದಿನಗಳಲ್ಲಿ ಕತ್ತಲಾದ ಮೇಲೆ ಇಲ್ಲಿ ಕಾರು ಓಡಿಸುವುದಕ್ಕೆ ಬೇರೆಯೇ ವಿದ್ಯೆ ಬೇಕು. ಮುಂದೆ ರಸ್ತೆ ಇದ್ದಕ್ಕಿದ್ದಂತೆ ಮುಗಿದು ಕಬ್ಬಿನ ಗದ್ದೆ ಶುರುವಾದಂತೆ ಕಂಡರೆ, ಅದು ಗದ್ದೆಯಲ್ಲ, ಟ್ರ್ಯಾಕ್ಟರ್. ಹಿಂದೆ ದೀಪ ಇರುವುದಿಲ್ಲ. ಇದ್ದರೂ ಅದರ ಮೇಲೆ ಕಬ್ಬು ಜೋತಿರುತ್ತದೆ. ಬೆಳಕಿರುವಾಗಲೇ ತಲುಪುವುದು ಒಳ್ಳೆಯದು. ದಾರಿಯಲ್ಲಿ ಆಲೆಮನೆ ಸಿಕ್ಕಿ ಬಿಸಿ ಬೆಲ್ಲ ತಿನ್ನುವ ಯೋಗವಿದ್ದರೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಈಜಿಗೆ ಮುಂಚೆ ಮಾತ್ರ ತಿನ್ನಬೇಡಿ.

ಈಗ ವಾಕಿಂಗ್. "ಕೆರೆ ಏರಿ ಮೇಲೆ ಹತ್ತು ಸಾವಿರ ಹೆಜ್ಜೆ" ಎಂದು ಹೊರಟವರು ಮೇಲಿನ ಅಳತೆಯನ್ನು ಇನ್ನೊಮ್ಮೆ ನೋಡಬೇಕು. 225 ಅಡಿ ಎಂದರೆ ಹೆಚ್ಚೆಂದರೆ ನೂರು ಹೆಜ್ಜೆ. ಶೂ ಲೇಸು ಕಟ್ಟಿದಷ್ಟು ಹೊತ್ತೂ ನಡಿಗೆ ಇರುವುದಿಲ್ಲ. ಹತ್ತು ಸಾವಿರ ಆಗಬೇಕಾದರೆ ಅದೇ ಏರಿಯ ಮೇಲೆ ನೂರು ಸಲ ಆಚೆಯಿಂದ ಈಚೆಗೆ ಓಡಾಡಬೇಕು; ಹತ್ತನೆಯ ಸುತ್ತಿಗೆ ಚುರುಮುರಿ ಮಾರುವಾತ "ಏನಣ್ಣಾ, ಏನಾರ ಕಳ್ಕಂಡ್ರಾ?" ಎಂದು ಕೇಳುತ್ತಾನೆ. ಹಾಗಾದರೆ ಕೆರೆಯನ್ನೇ ಸುತ್ತೋಣ ಎನ್ನುವವರಿಗೆ ಎರಡನೆಯ ಸುದ್ದಿ: ಲಾಲ್‌ಬಾಗಿನಂತೆ ಸುತ್ತಲೂ ಕಲ್ಲು ಹಾಸಿದ ದಾರಿ ಇಲ್ಲಿಲ್ಲ. ಗುಡ್ಡಗಳೇ ನೀರಿಗೆ ಇಳಿದಿವೆ. ಬಂಡೆ, ಲಂಟಾನದ ಪೊದೆ, ಮತ್ತೆ ಬಂಡೆ. ಬಂಡೆಯ ಒಣ ಭಾಗ ಬಿಳಿ, ನೀರು ಏರಿಳಿದ ಪಟ್ಟಿ ಕಪ್ಪು. ಆ ಕಪ್ಪು ಪಟ್ಟಿಯ ಮೇಲೆ ಕಾಲಿಡಬಾರದು. ಒಣಗಿದ ಪಾಚಿ ನೋಡುವುದಕ್ಕೆ ಸಾಧು, ನೀರು ಸೋಕಿದ ಕ್ಷಣ ಎಣ್ಣೆ ಸವರಿದಂತೆ. ಸೆಲ್ಫಿಗೆ ಹಿಂದೆ ಹಿಂದೆ ಸರಿಯುವವರು ಜಾರುವುದು ಇದರ ಮೇಲೆಯೇ. ಫೋನಿಗೆ ಹಾಕುವ ಪ್ಲಾಸ್ಟಿಕ್ ಚೀಲವನ್ನು ಮನೆಯಲ್ಲೇ ಪರೀಕ್ಷಿಸಿ: ಒಳಗೆ ಟಿಶ್ಯೂ ಕಾಗದ ಇಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒದ್ದೆಯಾದರೆ ನಷ್ಟ ಒಂದು ಕಾಗದ.

ನಡೆಯಲೇಬೇಕೆಂದರೆ ಊರೊಳಗೆ ನಡೆಯಿರಿ. ನಂಬಿನಾರಾಯಣ ದೇವಸ್ಥಾನ, ಅದರ ಎದುರಿಗೆ ಕೃಷ್ಣನ ಗುಡಿ, ಮೆಟ್ಟಿಲು ಹತ್ತಿದರೆ ಯೋಗನರಸಿಂಹ. ರಾಮಾನುಜರು ಪರದೆಯ ಹಿಂದೆ ಕುಳಿತು, ಆದಿಶೇಷನ ರೂಪ ತಾಳಿ, ಸಾವಿರ ಜನ ಜೈನ ಪಂಡಿತರ ಪ್ರಶ್ನೆಗಳಿಗೆ ಸಾವಿರ ಬಾಯಿಂದ ಒಟ್ಟಿಗೆ ಉತ್ತರ ಕೊಟ್ಟರು ಎಂಬ ಕತೆ ಆ ಗುಡಿಯದು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ಈಜಿ, ತಿಂಡಿ ತಿಂದು, ಫೋಟೋ ತೆಗೆದು, ಒಂದು ಗಂಟೆಗೆ ಹೋದವರಿಗೆ ಬೀಗದ ದರ್ಶನ. ಒದ್ದೆ ಚಡ್ಡಿಯಲ್ಲಿ ಹೋದವರಿಗೆ ಬಾಗಿಲು ತೆರೆದಿದ್ದರೂ ಅಷ್ಟೇ.

ಇನ್ನು ಅಸಲು ವಿಷಯ, ನೀರು. ಬೆಂಗಳೂರು, ಮೈಸೂರಿನ ಟ್ರಯಥ್ಲಾನ್ ಮಂದಿ (ಈಜು, ಸೈಕಲ್ಲು, ಓಟ ಮೂರನ್ನೂ ಒಂದೇ ಪಂದ್ಯದಲ್ಲಿ ಮಾಡುವವರು) ಇಲ್ಲಿಗೆ ಬರುವುದೇ ಈ ನೀರಿನ ತಿಳಿಗೆ. ಮೋತಿ ತಾಲಾಬ್, ಮುತ್ತಿನ ಕೆರೆ, ಎಂಬ ಹೆಸರೂ ಅದಕ್ಕೇ. ಹೆಸರಿಟ್ಟವನು ಟಿಪ್ಪು ಎಂದು ಏರಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತವರು ಹೇಳುತ್ತಾರೆ. 1746ರಲ್ಲಿ ಬಂದ, ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಎಂದು ಗೆಜೆಟಿಯರ್ ಹೇಳುತ್ತದೆ. ಈ ಜಗಳವನ್ನು ದಡದಲ್ಲೇ ಮುಗಿಸಿಕೊಳ್ಳಿ, ನೀರಿನಲ್ಲಿ ಮಾತಾಡಬಾರದು.

ತಿಳಿನೀರಿನ ಮೋಸ ಏನೆಂದರೆ ತಳ ಹತ್ತಿರ ಕಾಣುತ್ತದೆ. ಸೊಂಟದುದ್ದ ಎಂದು ಕಂಡದ್ದು ಕುತ್ತಿಗೆಯುದ್ದ ಇರುತ್ತದೆ. ಅಲ್ಲಿಂದ ಎರಡು ಹೆಜ್ಜೆ ಇಟ್ಟರೆ ಬಂಡೆ ಮುಗಿದು ಏನೂ ಇರುವುದಿಲ್ಲ. ಮೇ ತಿಂಗಳಲ್ಲಿ ಕೂತು ಕಾಲು ಇಳಿಬಿಟ್ಟ ಕಲ್ಲು ನವೆಂಬರಿನಲ್ಲಿ ಎರಡಾಳು ನೀರಿನ ಕೆಳಗೆ. ಹೋದ ಬೇಸಗೆಯ ಜ್ಞಾಪಕದ ಮೇಲೆ ಡೈವ್ ಹೊಡೆಯಬಾರದು. ಇಲ್ಲಿ ಜನ ಮುಳುಗಿ ಸತ್ತಿದ್ದಾರೆ. ನೀರಿಗಿಳಿಯಬೇಡಿ ಎಂದು ಬೋರ್ಡು ಇರುವ ಕಡೆ ಇಳಿಯಬಾರದು. ಬೋರ್ಡು ಇಲ್ಲದ ಕಡೆ ದನ ಕಾಯುವವರನ್ನು ಕೇಳಿ. "ಬ್ಯಾಡ ಕಣ್ ಸಾಮಿ, ಶಾನೆ ಆಳ ಐತೆ" ಎಂದರೆ ಅದು ಜಲಸಂಪನ್ಮೂಲ ಇಲಾಖೆಯ ವರದಿಗೆ ಸಮ. ಈಜು ಬಾರದವರು ಏರಿಯ ಕೆಳಗೆ ಹರಿಯುವ ರಾಮಾನುಜ ಗಂಗೆಯ ಝರಿಗೆ ತಲೆಯೊಡ್ಡಿ ತೃಪ್ತಿಪಡಬಹುದು. ಭಾನುವಾರ ಅಲ್ಲಿ ತಲೆ ಇಡಲು ಜಾಗ ಸಿಕ್ಕರೆ.

ಕೊಳದಲ್ಲಿ ಕಿಲೋಮೀಟರ್ ಈಜುವವರ ಹೆಮ್ಮೆಗೆ ಇಲ್ಲೊಂದು ಕತ್ತರಿ ಇದೆ. 25 ಮೀಟರ್ ಕೊಳದಲ್ಲಿ ಕಿಲೋಮೀಟರ್ ಎಂದರೆ ನಲವತ್ತು ಉದ್ದ, ನಡುವೆ 39 ಸಲ ಗೋಡೆ ಒದ್ದು ಪುಕ್ಕಟೆ ಸಿಕ್ಕ ನೂಕು. ಕೆರೆಯಲ್ಲಿ ಒದೆಯಲು ಗೋಡೆ ಇಲ್ಲ, ತಳದಲ್ಲಿ ಕಪ್ಪು ಗೆರೆ ಇಲ್ಲ. ಎಲ್ಲರಿಗೂ ಒಂದು ಕೈ ಜೋರು. ಗೆರೆ ಇಲ್ಲದಿದ್ದರೆ ದೇಹ ನಿಧಾನಕ್ಕೆ ಆ ಕೈ ಹೇಳಿದ ಕಡೆ ತಿರುಗುತ್ತದೆ. ಎದುರು ದಡದ ಮರಕ್ಕೆ ಹೊರಟವರು ಹತ್ತು ನಿಮಿಷದಲ್ಲಿ ಹೊರಟ ಕಲ್ಲಿಗೇ ಬಂದು, ಬೇಗ ತಲುಪಿದೆವು ಎಂದು ಸಂತೋಷಪಡುವುದುಂಟು. ಪ್ರತಿ ಆರರಿಂದ ಹತ್ತು ಕೈಬೀಸಿಗೆ ಒಮ್ಮೆ ಕಣ್ಣು ಮಾತ್ರ ನೀರಿನಿಂದ ಮೇಲೆತ್ತಿ ಗುರುತು ನೋಡಿ. ಇಡೀ ತಲೆ ಎತ್ತಿದರೆ ಕಾಲು ಮುಳುಗಿ ಬ್ರೇಕ್ ಬೀಳುತ್ತದೆ. ಗುರುತಿಗೆ ಮರ ಬೇಡ, ಎಲ್ಲ ಮರವೂ ಒಂದೇ ಥರ. ಗುಡ್ಡದ ತುದಿ ಅಥವಾ ಬೆಟ್ಟದ ಮೇಲಿನ ಗುಡಿ ವಾಸಿ.

ನೀರಿಗೆ ಒಂದೇ ಸಲ ಧುಮುಕಬೇಡಿ. ಮೇಲಿನ ಒಂದೆರಡಡಿ ಬೆಚ್ಚಗಿರುತ್ತದೆ, ಕಾಲು ಇಳಿದ ಕಡೆ ತಣ್ಣಗೆ ಕೊರೆಯುತ್ತದೆ. ಆಳದ ಕೆರೆಯಲ್ಲಿ ಬಿಸಿಲು ತಳ ಮುಟ್ಟುವುದಿಲ್ಲ, ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಪದರ ಕಟ್ಟಿಕೊಂಡಿರುತ್ತದೆ. ಚಳಿ ತಾಗಿದೊಡನೆ ಬಾಯಿ ತಾನಾಗಿ ತೆರೆದು ಉಸಿರು ಎಳೆಯುತ್ತದೆ. ಆಗ ಮುಖ ನೀರೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಕುತ್ತಿಗೆಗೆ, ಮುಖಕ್ಕೆ ನೀರು ಚಿಮುಕಿಸಿಕೊಂಡು ಎದೆಯುದ್ದದಲ್ಲಿ ಎರಡು ನಿಮಿಷ ನಿಲ್ಲಿ. ಉಸಿರು ಮಾಮೂಲಿಗೆ ಬಂದ ಮೇಲೆ ಹೊರಡಿ. ತಲೆಗೆ ಕಿತ್ತಳೆ ಅಥವಾ ಗುಲಾಬಿ ಟೋಪಿ ಹಾಕಿ. ನೀಲಿ, ಹಸಿರು ಟೋಪಿ ಹಾಕಿದವರು ಕೆರೆಯ ಪಾಲಿಗೆ ಇದ್ದಾರೆ, ದಡದವರ ಪಾಲಿಗೆ ಇಲ್ಲ. ಸೊಂಟಕ್ಕೆ ಕಟ್ಟಿಕೊಳ್ಳುವ ಗಾಳಿ ತುಂಬಿದ ತೇಲುಚೀಲ ಎಂಥ ಪಟುವಿಗೂ ಇರಲಿ. ಕಾಲಿನ ಮೀನಖಂಡ ಹಿಡಿದುಕೊಂಡರೆ ಆ ಚೀಲವನ್ನು ತಬ್ಬಿ, ಬೆನ್ನ ಮೇಲೆ ತೇಲಿ, ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಬಿಡುತ್ತದೆ.

ನೀರ ಮೇಲೆ ಥರ್ಮಾಕೋಲ್ ತುಂಡೋ ಖಾಲಿ ಬಾಟಲಿಯೋ ಸಾಲಾಗಿ ತೇಲುತ್ತಿದ್ದರೆ ಅದು ಕಸವಲ್ಲ, ಕೆಳಗೆ ಮೀನಿನ ಬಲೆ ಇದೆ. ಎರಡು ಬಾಟಲಿಗಳ ನಡುವೆ ದಾಟಬಾರದು, ಸುತ್ತಿ ಹೋಗಬೇಕು. ಪರಿಸರ ಪ್ರೇಮದಿಂದ ಆ ಬಾಟಲಿ ಎತ್ತಿ ದಡಕ್ಕೆ ತಂದವರಿಗೆ ಬೆಸ್ತರಿಂದ ಸಿಗುವ ಸತ್ಕಾರವನ್ನು ಇಲ್ಲಿ ಬರೆಯಲಾಗದು. ತೂಬಿನ ಹತ್ತಿರವೂ ಸುಳಿಯಬೇಡಿ. ಗೇಟು ತೆರೆದಿದ್ದರೆ ಮೇಲೆ ನೀರು ನಿಶ್ಚಲವಾಗಿಯೇ ಕಾಣುತ್ತದೆ, ಸೆಳೆತವೆಲ್ಲ ಕೆಳಗೆ.

ಲಾರಿ ಟ್ಯೂಬಿನವರಿಗೆ ಪ್ರತ್ಯೇಕ ಪ್ಯಾರಾ ಬೇಕು. ಟ್ಯೂಬಿನ ಮೇಲೆ ಕೂತ ಮನುಷ್ಯ ಗಾಳಿಯ ಪಾಲಿಗೆ ಹಾಯಿ. ಎರಡು ಗುಡ್ಡಗಳ ನಡುವೆ ಗಾಳಿಗೂ ಅದೇ ಕಂಡಿ; ಆಷಾಢದಲ್ಲಂತೂ ಬೆಳಿಗ್ಗೆ ಹತ್ತರ ಮೇಲೆ ಅಲೆ ಏಳುತ್ತದೆ. ಈಜು ಬಾರದ ಮಾವ ಟ್ಯೂಬಿನ ಮೇಲೆ ಕೈಮುಗಿದ ಭಂಗಿಯಲ್ಲಿ ಕೆರೆಯ ನಡುವಿಗೆ ಹೊರಟರೆ ದಡದಲ್ಲಿ ಅತ್ತೆ ಬೈಯುವ ಧ್ವನಿ ಮಾತ್ರ ಅವರನ್ನು ಹಿಂಬಾಲಿಸುತ್ತದೆ. ಟ್ಯೂಬಿಗೆ ಮೂವತ್ತು ಮೀಟರ್ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟಿ. ಬಾಮೈದನ ಕೈಗೆ ಕೊಡಬೇಡಿ, ಅವನಿಗೆ ಫೋನ್ ಬರುತ್ತದೆ. ಈಜುವವರು ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಸುಸ್ತಾಗಿ ಬರುವಾಗ ಗಾಳಿಯೇ ತಳ್ಳಲಿ.

ಮುಳುಗುವವರು ಸಿನಿಮಾದಂತೆ ಕೈ ಬೀಸಿ ಕೂಗುವುದಿಲ್ಲ. ನೆಟ್ಟಗೆ ನಿಂತಂತೆ, ಬಾಯಿ ನೀರಿನ ಮಟ್ಟದಲ್ಲಿ, ಸದ್ದೇ ಇಲ್ಲದೆ ಅರ್ಧ ನಿಮಿಷದಲ್ಲಿ ಕೆಳಗೆ ಹೋಗುತ್ತಾರೆ. ಕಾಪಾಡಲು ಹಾರಿದವರನ್ನು ಅವರು ಹತ್ತಿ ಕೂರುತ್ತಾರೆ, ಇಬ್ಬರೂ ಹೋಗುತ್ತಾರೆ. ಐದು ಲೀಟರಿನ ಖಾಲಿ ಕ್ಯಾನಿಗೆ ಎರಡು ಲೋಟ ನೀರು ಹಾಕಿ ಮುಚ್ಚಳ ಬಿಗಿದು, ಹಿಡಿಗೆ ಹಗ್ಗ ಕಟ್ಟಿ ದಡದಲ್ಲಿಡಿ. ಪೂರ್ತಿ ಖಾಲಿ ಇದ್ದರೆ ಗಾಳಿಗೆ ಎಸೆದ ಕಡೆ ಹೋಗುವುದಿಲ್ಲ, ಎರಡು ಲೋಟ ನೀರು ಅದಕ್ಕೆ ತೂಕ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ಬಾಯಿಂದ ಕಾರಂಜಿ ಚಿಮ್ಮಿಸುವುದು ನಮ್ಮ ಚಿತ್ರರಂಗದ ಕೊಡುಗೆ. ಅದನ್ನು ಮಾಡಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆಯ ನಡುವೆ 30 ಒತ್ತು, 2 ಉಸಿರು, ಹೀಗೇ 108ರ ಗಾಡಿ ಬರುವವರೆಗೆ. ಕುಡಿದವರನ್ನು ನೀರಿಗೆ ಬಿಡಲೇಬಾರದು. ಇದರಲ್ಲಿ ತಮಾಷೆಯೇನೂ ಇಲ್ಲ, ಮುಂದಕ್ಕೆ ಹೋಗೋಣ.

ಟೆಂಟು. ಗುಡ್ಡ ಅರಣ್ಯ ಇಲಾಖೆಯದಾದರೆ ಅಪ್ಪಣೆ ಬೇಕು, ಹೊಲವಾದರೆ ಹೊಲದವರದು. ಹೊಲದವರ ಅಪ್ಪಣೆ ಸುಲಭ, ಅಗ್ಗ; ಜೊತೆಗೆ ರಾತ್ರಿ ಮುದ್ದೆ, ಬಸ್ಸಾರು ಸಿಗುವ ಸಾಧ್ಯತೆ ಇದೆ. ಕೇಳದೆ ಹಾಕಿದವರನ್ನು ಹನ್ನೊಂದು ಗಂಟೆಗೆ ಟಾರ್ಚು ಎಬ್ಬಿಸುತ್ತದೆ.

ಜಾಗ ನೋಡುವಾಗ ನಗರದ ಕಣ್ಣಿಗೆ ಮೊದಲು ಬೀಳುವುದು ಗುಡ್ಡದ ಬುಡದ ಮರಳು ಹಾಸಿದ ಸಮತಟ್ಟು ಪಟ್ಟೆ. ಯಾರೋ ನಮಗೆಂದೇ ಹಾಸಿಟ್ಟಂತಿದೆ ಎನ್ನುತ್ತಾರೆ. ಹಾಸಿಟ್ಟದ್ದು ನೀರು. ಬುಕಾನನ್ ಬರೆದ ತೊರೆಗಳು ಈಗಲೂ ಅದೇ ದಾರಿಯಲ್ಲಿ ಬರುತ್ತವೆ, ಚಿತ್ತೆ ಸ್ವಾತಿ ಮಳೆಯಲ್ಲಿ ರಾತ್ರಿ ಎರಡು ಗಂಟೆಗೆ, ಮುನ್ಸೂಚನೆ ಕೊಡದೆ. ಆ ಪಟ್ಟೆಗಿಂತ ನಾಲ್ಕಡಿ ಮೇಲೆ, ಸ್ವಲ್ಪ ಇಳಿಜಾರಿದ್ದರೂ ಚಿಂತೆಯಿಲ್ಲ, ತಲೆ ಮೇಲಕ್ಕೆ ಇಟ್ಟು ಮಲಗಿದರಾಯಿತು.

"ಇಬ್ಬರ ಟೆಂಟು" ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಇಬ್ಬರು ಅಲುಗದೆ ನೆಟ್ಟಗೆ ಮಲಗಬಹುದು, ಬ್ಯಾಗು ಹೊರಗೆ ಎಂದರ್ಥ. ಮಡಚುವ ಕಡ್ಡಿಗಳ ಒಳಗೆ ಎಲಾಸ್ಟಿಕ್ ಇರುತ್ತದೆ. ಅದರ ಸೆಳೆತಕ್ಕೇ ತುಂಡುಗಳು ಕೂಡಿಕೊಂಡವು ಎಂದು ನಂಬಬೇಡಿ. ಒಂದೊಂದನ್ನೂ ಲೋಹದ ಕೊಳವೆಯ ತಳ ಮುಟ್ಟುವವರೆಗೆ ಕೂರಿಸಿ. ಅರ್ಧ ಕೂತ ಕಡ್ಡಿ ಬಗ್ಗಿಸಿದಾಗ ಸರಿಯಾಗಿ ಆ ಜಾಗದಲ್ಲೇ ಸೀಳುತ್ತದೆ. ಬಟ್ಟೆಯ ತೋಳಿನಲ್ಲಿ ಕಡ್ಡಿಯನ್ನು ತಳ್ಳಬೇಕು, ಎಳೆಯಬಾರದು. ಎಳೆದರೆ ಅರ್ಧ ಕಡ್ಡಿ ನಿಮ್ಮ ಕೈಗೆ, ಅರ್ಧ ಒಳಗೆ. ಆಮೇಲೆ ಇಡೀ ಸಂಸಾರ ಚಡ್ಡಿಗೆ ಲಾಡಿ ಪೋಣಿಸುವ ಕೆಲಸಕ್ಕೆ ಕೂರಬೇಕು. ಗೂಟದ ಕತೆ ಇನ್ನೂ ಚೆನ್ನ. ಇಲ್ಲಿ ಮಣ್ಣು ಮೂರು ಬೆರಳು, ಆಮೇಲೆ ಬಂಡೆ. ಟೆಂಟಿನ ಜೊತೆ ಬಂದ ತಂತಿ ಗೂಟ ಎರಡನೆಯ ಏಟಿಗೆ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಗೂಟ ಬಿಡಿ, ಹಗ್ಗವನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಸುತ್ತಿ, ಅದರ ಮೇಲೆ ಅದರ ಎರಡರಷ್ಟು ತೂಕದ ಕಲ್ಲು ಹೇರಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಚಳಿ ಎಂದು ಕಿಟಕಿ, ಜಾಲರಿ ಎಲ್ಲ ಮುಚ್ಚಿ ಮಲಗಿದರೆ ಇಬ್ಬರ ಉಸಿರಿನ ತೇವ ಬಟ್ಟೆಗೆ ತಾಗಿ ಬೆಳಗಿನ ಜಾವ ಮೂಗಿನ ಮೇಲೆ ತೊಟ್ಟಿಕ್ಕುತ್ತದೆ. ಟೆಂಟು ಸೋರುತ್ತದೆ ಎಂದು ಕಂಪನಿಗೆ ಒಂದು ನಕ್ಷತ್ರ ಕೊಡುವ ಮುಂಚೆ ಎರಡು ಕಡೆ ನಾಲ್ಕು ಬೆರಳು ತೆರೆದಿಟ್ಟು ನೋಡಿ. ಒಲೆಯನ್ನಂತೂ ಒಳಗೆ ಹಚ್ಚಲೇಬೇಡಿ, ಅದರ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಹಗಲು ಟೆಂಟು ಬಿಟ್ಟು ಹೋಗುವಾಗ ತಿನ್ನುವುದೆಲ್ಲ ಕಾರಿನಲ್ಲಿಡಿ, ಟೆಂಟಿನ ಜಿಪ್ ತೆರೆದೇ ಇಡಿ. ಕೋತಿಗೆ ಒಳಗೇನಿದೆ ಎಂದು ನೋಡಲೇಬೇಕು. ತೆರೆದಿದ್ದರೆ ನೋಡಿ ಹೋಗುತ್ತದೆ, ಮುಚ್ಚಿದ್ದರೆ ತಾನೇ ಒಂದು ಬಾಗಿಲು ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಶೂ ಕೊಡವಿ ಹಾಕಿ, ಚೇಳಿಗೂ ಬೆಚ್ಚಗಿನ ಜಾಗ ಬೇಕು. ಬಹಿರ್ದೆಸೆಗೆ ನೀರಿನಿಂದ ಎಂಬತ್ತು ಹೆಜ್ಜೆ ದೂರ, ಗೇಣುದ್ದ ಗುಂಡಿ, ಆಮೇಲೆ ಮಣ್ಣು. ಸೋಪು ಕೆರೆಗೆ ಬೇಡ. ಕೆಳಗೆ ಗದ್ದೆಗಳಿವೆ.

ಮಲಗಲು ಹಿತವಾದ ತಿಂಗಳು ಡಿಸೆಂಬರ್. ಮಳೆ ಇಲ್ಲ, ಸೊಳ್ಳೆ ಕಡಿಮೆ, ಕೆರೆ ತುಂಬಿರುತ್ತದೆ. ಅದೇ ತಿಂಗಳ ನಡುವಿನಿಂದ ಧನುರ್ಮಾಸ. ಶ್ರೀವೈಷ್ಣವರ ಊರು, ಪೂಜೆ ಸೂರ್ಯ ಹುಟ್ಟುವ ಮುಂಚೆ. ನಿಶ್ಶಬ್ದ ಹುಡುಕಿಕೊಂಡು ಬೆಂಗಳೂರಿನಿಂದ ಬಂದವರಿಗೆ ಇನ್ನೂ ಕತ್ತಲಿರುವಾಗಲೇ ಧ್ವನಿವರ್ಧಕದಲ್ಲಿ ಸುಪ್ರಭಾತ ತಲುಪುತ್ತದೆ, ಗುಡ್ಡಕ್ಕೆ ಬಡಿದು ಎರಡೆರಡು ಸಲ. ಕಿವಿಗೆ ಹತ್ತಿ ತುರುಕಿ ಹೊರಳಾಡುವುದಕ್ಕಿಂತ ಎದ್ದು, ಮುಖ ತೊಳೆದು, ಪಂಚೆ ಸುತ್ತಿಕೊಂಡು ಗುಡಿಗೆ ಹೋಗುವುದು ಮೇಲು. ಹುಗ್ಗಿ ಪ್ರಸಾದ ಬಿಸಿಯಾಗಿರುತ್ತದೆ, ಸರತಿ ಚಿಕ್ಕದಿರುತ್ತದೆ. ಅದನ್ನು ತಿಂದವರು ಎರಡು ಗಂಟೆ ನೀರಿಗಿಳಿಯಬಾರದು. ಹುಗ್ಗಿಯಲ್ಲಿ ತುಪ್ಪ ಧಾರಾಳ.

ಹೊರಡುವ ಹೊತ್ತಿನ ಸಮಸ್ಯೆ, ಟೆಂಟು ಮತ್ತೆ ತನ್ನ ಚೀಲಕ್ಕೆ ಹೋಗದಿರುವುದು. ಮಡಿಸುವುದರಲ್ಲಿ ತಪ್ಪಿರುತ್ತದೆ. ಚೀಲದ ಉದ್ದಕ್ಕೆ ಸಮನಾಗಿ ಮೂರು ಮಡಿಕೆ ಮಾಡಿ, ಕಡ್ಡಿಯ ಕಂತೆಯನ್ನೇ ಲಟ್ಟಣಿಗೆ ಮಾಡಿಕೊಂಡು ಬಾಗಿಲಿನ ಕಡೆಗೆ ಸುತ್ತುತ್ತ ಬನ್ನಿ. ಬಾಗಿಲ ಜಿಪ್ ತೆರೆದಿದ್ದರೆ ಒಳಗಿನ ಗಾಳಿ ಅಲ್ಲಿಂದ ಹೋಗುತ್ತದೆ. ಮನೆಗೆ ಹೋದ ದಿನವೇ ಬಿಚ್ಚಿ ಒಣಗಿಸಬೇಕು, ಇಲ್ಲವಾದರೆ ವಾರದಲ್ಲಿ ಬೂಷ್ಟು ಹಿಡಿದು ಮುಂದಿನ ಸಲ ಬೇರೆಯೇ ಪರಿಮಳ. ತಾರಸಿಯ ಮೇಲೆ ಟೆಂಟು ಕಂಡ ಪಕ್ಕದ ಮನೆಯವರು ಮುಂದಿನ ಶನಿವಾರಕ್ಕೆ ಕೇಳಿಕೊಂಡು ಬಂದೇ ಬರುತ್ತಾರೆ. ಕೊಡಿ, ಬೇಡ ಅನ್ನುವುದು ಹೇಗೆ. ಕಡ್ಡಿ, ಗೂಟ ಎಲ್ಲ ಎಣಿಸಿ, ಲೆಕ್ಕವನ್ನು ಚೀಲದ ಮೇಲೇ ಮಾರ್ಕರ್ ಪೆನ್ನಿನಲ್ಲಿ ಬರೆದು ಕೊಡಿ.